ವೆನಿಸ್‌ನ ಹಬ್ಬಗಳು: ಹರಕೆ ಉಳಿಯಿತು, ಉಂಗುರ ಮುಳುಗಿತು

ವೆನಿಸ್‌ನ ಜುದೆಕ್ಕಾ ಕಾಲುವೆಗೆ ಸೇತುವೆ ಇಲ್ಲ. ಈಚೆ ದಡದ ಝಾತ್ತೆರೆಯಿಂದ ಆಚೆಯ ಜುದೆಕ್ಕಾ ದ್ವೀಪಕ್ಕೆ ಹೋಗಬೇಕಾದವರು ದೋಣಿ ಹತ್ತಲೇಬೇಕು. ಜುಲೈ ತಿಂಗಳ ಮೂರನೆಯ ಭಾನುವಾರದ ಆಸುಪಾಸಿನಲ್ಲಿ ಮಾತ್ರ ಅಲ್ಲೊಂದು ತೇಲುಸೇತುವೆ ಏಳುತ್ತದೆ. ಉದ್ದ ಸುಮಾರು 330 ಮೀಟರ್. ಊರಿನವರು ಮಕ್ಕಳು ಮರಿ ಸಮೇತ ಅದರ ಮೇಲೆ ನಡೆದು ಎದುರು ದಡದ ರೆದೆಂತೋರೆ ಚರ್ಚಿನ ಮೆಟ್ಟಿಲು ಹತ್ತುತ್ತಾರೆ. ಹಬ್ಬ ಮುಗಿದ ಮೇಲೆ ಸೇತುವೆಯನ್ನು ಬಿಚ್ಚಿ ಒಯ್ಯುತ್ತಾರೆ. 1577ರಲ್ಲಿ ಮೊದಲ ಮೆರವಣಿಗೆ ಹೋದಾಗಲೂ ಹೀಗೆಯೇ, ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಮೇಲೆ ದಾರಿ ಮಾಡಿದ್ದರು.

ವೆನಿಸ್‌ನ ಹಬ್ಬಗಳ ಪಟ್ಟಿ ಉದ್ದವಿದೆ. ಪ್ರವಾಸಿ ಕೈಪಿಡಿಗಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ "ಶತಮಾನಗಳ ಪರಂಪರೆ" ಎಂದುಬಿಡುತ್ತವೆ. ಮುಖವಾಡದ ಕಾರ್ನಿವಲ್, ಸಮುದ್ರಕ್ಕೆ ಉಂಗುರ ಹಾಕುವ ಸೆನ್ಸಾ, ದೋಣಿಪಂದ್ಯದ ರೆಗಾತಾ, ಬಾಣಬಿರುಸಿನ ರೆದೆಂತೋರೆ, ಮೋಂಬತ್ತಿಯ ಸಲೂತೆ, ಕಲಾಪ್ರದರ್ಶನದ ಬಿಯನ್ನಾಲೆ ಎಲ್ಲವೂ ಒಂದೇ ಬುಟ್ಟಿಯಲ್ಲಿ. ಆದರೆ ಇವುಗಳ ಹುಟ್ಟು ಬೇರೆ ಬೇರೆ, ಆಯಸ್ಸೂ ಬೇರೆ. ಸಿಕ್ಕು ಬಿಡಿಸಲು ಒಂದು ತಾರೀಕು ನೆನಪಿಟ್ಟುಕೊಂಡರೆ ಸಾಕು: 1797ರ ಮೇ 12. ಸಾವಿರ ವರ್ಷಕ್ಕೂ ಮೀರಿ ಬಾಳಿದ ವೆನಿಸ್ ಗಣರಾಜ್ಯ ಅಂದು ನೆಪೋಲಿಯನ್ನನ ಸೈನ್ಯಕ್ಕೆ ಮಣಿದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಆ ದಿನ ದಾಟಿ ಬಂದ ಹಬ್ಬ ಯಾವುದು, ದಾಟಲಾಗದೆ ಸತ್ತು ಆಮೇಲೆ ಎಬ್ಬಿಸಿದ್ದು ಯಾವುದು ಎಂದು ಕೇಳುತ್ತ ಹೋದರೆ ಊರಿನ ಪಂಚಾಂಗ ತಾನಾಗಿ ಬಿಡಿಸಿಕೊಳ್ಳುತ್ತದೆ.

ದಾಟಿ ಬಂದವು ಮುಖ್ಯವಾಗಿ ಎರಡು. ಎರಡೂ ಪ್ಲೇಗಿನ ಹರಕೆಗಳು.

ಮೊದಲನೆಯದು 1575–77ರ ಪ್ಲೇಗು. ಸುಮಾರು 50,000 ಜನ, ಅಂದರೆ ಊರಿನ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು, ಸತ್ತರು. ಚಿತ್ರಕಾರ ಟಿಶಿಯನ್ ತೀರಿಕೊಂಡದ್ದೂ ಆ ವೇಳೆಯಲ್ಲೇ, 1576ರ ಆಗಸ್ಟಿನಲ್ಲಿ. ಮುಂದಿನ ತಿಂಗಳು ಸೆನೆಟ್ ಹರಕೆ ಹೊತ್ತಿತು: ಪಿಡುಗು ತೊಲಗಿದರೆ ಉದ್ಧಾರಕ ಯೇಸುವಿಗೆ ಚರ್ಚ್ ಕಟ್ಟಿಸುತ್ತೇವೆ, ಪ್ರತಿ ವರ್ಷ ಸರ್ಕಾರವೇ ನಡೆದು ಬಂದು ಪೂಜೆ ಸಲ್ಲಿಸುತ್ತದೆ. ಕಟ್ಟುವ ಕೆಲಸ ಆಂದ್ರೆಯಾ ಪಲ್ಲಾದಿಯೊನ ಪಾಲಿಗೆ ಬಂತು. 1577ರ ಮೇ ತಿಂಗಳಲ್ಲಿ ಅಡಿಗಲ್ಲು ಬಿತ್ತು, 1580ರಲ್ಲಿ ಪಲ್ಲಾದಿಯೊ ತೀರಿಕೊಂಡ, ಚರ್ಚ್ ಮುಗಿದದ್ದು 1592ರಲ್ಲಿ. ಅದನ್ನು ನೀರಿನ ಆಚೆ ದಡದಲ್ಲಿ ಕಟ್ಟಿದ್ದರಿಂದ ಒಂದು ಪರಿಣಾಮವಾಯಿತು. ಹರಕೆ ತೀರಿಸಬೇಕಾದರೆ ನೀರು ದಾಟಬೇಕು, ಇಡೀ ಮೆರವಣಿಗೆ ನಡೆದೇ ದಾಟಬೇಕಾದರೆ ಪ್ರತಿ ವರ್ಷ ಸೇತುವೆ ಕಟ್ಟಬೇಕು.

ಎರಡನೆಯ ಪ್ಲೇಗು 1630–31ರದು. ಮತ್ತೆ 46,000ದಷ್ಟು ಸಾವು, ಮತ್ತೆ ಸೆನೆಟ್ಟಿನ ಹರಕೆ. ಈ ಸಲ ಮೇರಿಮಾತೆಗೆ, ಆರೋಗ್ಯದಾತೆಯ ಹೆಸರಿನಲ್ಲಿ. ದೊಡ್ಡ ಕಾಲುವೆ ಸಮುದ್ರದ ಕಡೆ ಬಾಯಿ ತೆರೆಯುವ ಜಾಗದಲ್ಲಿ ದುಂಡನೆಯ ಬಿಳಿ ಗುಮ್ಮಟದ ಚರ್ಚ್ ಕಾಣುತ್ತದಲ್ಲ, ವೆನಿಸ್‌ನ ಅರ್ಧಕ್ಕರ್ಧ ಫೋಟೋಗಳಲ್ಲಿ ಇರುವಂಥದು, ಅದೇ ಸಲೂತೆ. ಕೆಸರು ನೆಲದಲ್ಲಿ ಹತ್ತು ಲಕ್ಷಕ್ಕೂ ಮೀರಿ ಮರದ ಗೂಟಗಳನ್ನು ಬಡಿದು ಅದರ ಮೇಲೆ ಕಟ್ಟಿದ್ದೆಂದು ಲೆಕ್ಕ. ಬಾಲ್ದಸ್ಸಾರೆ ಲೊಂಗೇನಾ ಮೂವತ್ತರ ಪ್ರಾಯದಲ್ಲಿ ಕೆಲಸಕ್ಕೆ ಕೈ ಹಾಕಿದ. 1687ರಲ್ಲಿ ಚರ್ಚಿನ ಪ್ರತಿಷ್ಠೆ ಆಗುವ ಹೊತ್ತಿಗೆ ಅವನು ಸತ್ತು ಐದು ವರ್ಷವಾಗಿತ್ತು.

ಸಲೂತೆ ಹಬ್ಬ ನವೆಂಬರ್ 21ಕ್ಕೆ. ತಾರೀಕು ಬದಲಾಗುವುದಿಲ್ಲ. ಅಂದು ದೊಡ್ಡ ಕಾಲುವೆಯ ಮೇಲೂ ತಾತ್ಕಾಲಿಕ ಸೇತುವೆಯೊಂದು ಬರುತ್ತದೆ, ಜನ ಸಾಲುಗಟ್ಟಿ ದಾಟಿ ಮೋಂಬತ್ತಿ ಹಚ್ಚಿ ಬರುತ್ತಾರೆ. ಮನೆಗಳಲ್ಲಿ ಕಸ್ತ್ರದೀನಾ ಬೇಯುತ್ತದೆ: ಉಪ್ಪು ಹಾಕಿ, ಹೊಗೆಯಾಡಿಸಿ ಒಣಗಿಸಿದ ಕುರಿಮಾಂಸ ಮತ್ತು ಎಲೆಕೋಸಿನ ಗಟ್ಟಿ ಸಾರು. ಆ ಮಾಂಸ ಬರುತ್ತಿದ್ದುದು ಎದುರು ಕರಾವಳಿಯ ಡಾಲ್ಮೇಷಿಯಾದಿಂದ. ವರ್ಷದ ಉಳಿದ ದಿನಗಳಲ್ಲಿ ಈ ಅಡುಗೆ ಕಾಣಸಿಗುವುದು ಅಪರೂಪ.

ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಎದ್ದ ಪ್ಲೇಗಮ್ಮನ ಗುಡಿಗಳನ್ನು ನೋಡಿದ ನಮಗೆ ಈ ಮನಸ್ಸು ಹೊಸತೇನೂ ಅಲ್ಲ. ಬಂದ ಮಾರಿಯನ್ನು ಸುಮ್ಮನೆ ಕಳಿಸಿಬಿಡುವುದಿಲ್ಲ, ಅದರ ಹೆಸರಿನಲ್ಲಿ ಒಂದು ಗುಡಿ ಕಟ್ಟಿ ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡುತ್ತೇವೆ. ವ್ಯತ್ಯಾಸವೆಂದರೆ ವೆನಿಸ್‌ನಲ್ಲಿ ಹರಕೆ ಹೊತ್ತದ್ದು ಸರ್ಕಾರ. ಆ ಸರ್ಕಾರವೇ ಹೋದರೆ ಹರಕೆಯೂ ಹೋಗಬೇಕಿತ್ತು. ಹೋಗಲಿಲ್ಲ. ಡೋಜೆ, ಅಂದರೆ ಗಣರಾಜ್ಯದ ಆಜೀವ ಮುಖ್ಯಸ್ಥ, ಮೆರವಣಿಗೆಯ ಮುಂದೆ ನಡೆಯುತ್ತಿದ್ದ, ನಿಜ. ಆದರೆ ಅವನ ಹಿಂದೆ ನಡೆಯುತ್ತಿದ್ದವರ ಮನೆಗಳಲ್ಲೇ ಸಾವುಗಳಾಗಿದ್ದವು. ಮುಂದಿನವನು ಇಲ್ಲವಾದರೂ ಹಿಂದಿನವರು ನಡೆಯುತ್ತ ಹೋದರು. ಇಂದಿಗೂ ಸಲೂತೆಯಲ್ಲಿ ಪ್ರವಾಸಿಗಳಿಗಿಂತ ಊರಿನವರೇ ಹೆಚ್ಚು ಕಾಣುತ್ತಾರೆ. ನವೆಂಬರಿನ ಚಳಿ, ಮಂಜು, ಉಬ್ಬರದ ನೀರು ಅದಕ್ಕೆ ಸಹಾಯ ಮಾಡುತ್ತವೆ ಅನ್ನಿ. 2019ರ ನವೆಂಬರ್ 12ರ ರಾತ್ರಿ ಉಬ್ಬರ 187 ಸೆಂಟಿಮೀಟರ್ ಮುಟ್ಟಿ ಊರಿನ ಬಹುಭಾಗ ಮುಳುಗಿತ್ತು. ಒಂಬತ್ತೇ ದಿನದಲ್ಲಿ ಸಲೂತೆ ಹಬ್ಬ ಬಂತು.

ಸರ್ಕಾರದ ಜತೆಗೇ ಸತ್ತ ಹಬ್ಬಕ್ಕೆ ಒಳ್ಳೆಯ ಉದಾಹರಣೆ ಸೆನ್ಸಾ. ಯೇಸು ಸ್ವರ್ಗಾರೋಹಣ ಮಾಡಿದ ದಿನ, ಈಸ್ಟರ್ ಸೇರಿಸಿ ಎಣಿಸಿದರೆ ನಲವತ್ತನೆಯದು. ಸಾವಿರನೆಯ ಇಸವಿಯ ಸುಮಾರಿಗೆ ಡೋಜೆ ಎರಡನೆಯ ಪಿಯೆತ್ರೊ ಓರ್ಸೆಓಲೊ ಇದೇ ದಿನ ನೌಕಾಪಡೆಯೊಂದಿಗೆ ಹೊರಟು ಡಾಲ್ಮೇಷಿಯಾ ಕರಾವಳಿಯನ್ನು ಹತೋಟಿಗೆ ತಂದ. 1177ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್ ಮತ್ತು ಚಕ್ರವರ್ತಿ ಬಾರ್ಬರೋಸಾ ನಡುವಿನ ರಾಜಿ ವೆನಿಸ್‌ನಲ್ಲೇ ಆಯಿತು. ಆಗ ಪೋಪ್ ಡೋಜೆಗೆ ಉಂಗುರ ಕೊಟ್ಟು ಸಮುದ್ರವನ್ನು ವರಿಸಲು ಹೇಳಿದನೆಂಬುದು ವೆನಿಸ್ಸಿಗರು ಹೇಳಿಕೊಂಡು ಬಂದ ಕತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಡೋಜೆ ಚಿನ್ನದ ಲೇಪದ ಬುಚಿಂತೋರೊ ಎಂಬ ದೋಣಿಯಲ್ಲಿ ಲೀದೊ ದ್ವೀಪದ ಬಳಿ ಕಡಲು ತೆರೆದುಕೊಳ್ಳುವಲ್ಲಿಗೆ ಹೋಗಿ ನೀರಿಗೆ ಉಂಗುರ ಹಾಕುತ್ತಿದ್ದ. ಹಾಕುವಾಗ ಹೇಳುವ ಲ್ಯಾಟಿನ್ ಮಾತಿನಲ್ಲಿ ಪ್ರೀತಿಯ ಸುಳಿವೇ ಇಲ್ಲ. ಸಮುದ್ರವೇ, ನಿಜವಾದ ಮತ್ತು ಶಾಶ್ವತವಾದ ಒಡೆತನದ ಗುರುತಾಗಿ ನಿನ್ನನ್ನು ವರಿಸುತ್ತೇವೆ ಎನ್ನುವುದು ಅದರ ಸಾರ. ಮದುವೆಯ ಬಟ್ಟೆ ತೊಟ್ಟ ಪಹಣಿ ಪತ್ರ.

ಆ ಒಡೆತನ ಕೈಜಾರುತ್ತ ಹೋಯಿತು. ಪೋರ್ಚುಗೀಸರು 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ನೇರ ದಾರಿ ಕಂಡುಕೊಂಡು ಮೆಣಸಿನ ವ್ಯಾಪಾರದಲ್ಲಿ ಪಾಲು ಕೇಳಿದರು. 1571ಕ್ಕೆ ಸೈಪ್ರಸ್, 1669ಕ್ಕೆ ಕ್ರೀಟ್ ತುರ್ಕರ ಪಾಲಾಯಿತು. ಉಂಗುರ ಮಾತ್ರ ತಪ್ಪದೆ ನೀರಿಗೆ ಬೀಳುತ್ತಿತ್ತು. ಕೊನೆಯ ಬುಚಿಂತೋರೊ 1729ರಲ್ಲಿ ಸಿದ್ಧವಾಯಿತು: ಎರಡು ಅಂತಸ್ತು, 42 ಹುಟ್ಟು, ಪ್ರತಿ ಹುಟ್ಟಿಗೆ ನಾಲ್ವರಂತೆ 168 ಅಂಬಿಗರು. ಆಳಲು ಕಡಲು ಉಳಿದಿರಲಿಲ್ಲ, ತೋರಿಸಲು ಚಿನ್ನವಿತ್ತು. 1798ರ ಜನವರಿಯಲ್ಲಿ ಫ್ರೆಂಚರು ಅದರ ಅಲಂಕಾರವನ್ನೆಲ್ಲ ಸುಟ್ಟು ಚಿನ್ನ ಬಸಿದುಕೊಂಡರು. ಹಬ್ಬ ಅಲ್ಲಿಗೆ ನಿಂತಿತು. 1965ರಲ್ಲಿ ಮತ್ತೆ ಶುರುವಾಯಿತು. ಈಗ ಸ್ವರ್ಗಾರೋಹಣದ ನಂತರದ ಭಾನುವಾರ ಡೋಜೆಯ ಜಾಗದಲ್ಲಿ ಮೇಯರ್ ನಿಂತು ಉಂಗುರ ಹಾಕುತ್ತಾರೆ. ನೋಡಲು ಚೆಂದವಿದೆ. ಆದರೆ ನಗರಪಾಲಿಕೆಗೆ ಸಮುದ್ರದ ಮೇಲೆ ಎಂಥ ಒಡೆತನ ಎಂದು ಯಾರೂ ಕೇಳದಿರುವುದು ಒಳ್ಳೆಯದು.

ಮೆಣಸಿನ ಮಾತು ಬಂತಾದ್ದರಿಂದ ಇನ್ನೊಂದು ವಿಷಯ. ವೆನಿಸ್ ಕೂತಿರುವ ಉಪ್ಪುನೀರಿನ ಹಿನ್ನೀರಿನ ದಕ್ಷಿಣ ತುದಿಯಲ್ಲಿ ಕ್ಯೊಜ್ಜಾ ಎಂಬ ಊರಿದೆ. ಅಲ್ಲಿಯ ವರ್ತಕ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಊರಿಗೆ ಮರಳಿದ ಮೇಲೆ ಅವನು ಹೇಳಿದ ವೃತ್ತಾಂತದಲ್ಲಿ ಹಬ್ಬಗಳಿಗೆ ದೊಡ್ಡ ಜಾಗವಿದೆ. ದೇವಸ್ಥಾನಗಳ ಒಳಗೂ ಮಾಳಿಗೆಯ ಮೇಲೂ ಹಗಲಿರುಳು ಉರಿಯುವ ಎಣ್ಣೆದೀಪಗಳು, ಒಂಬತ್ತು ದಿನದ ಉತ್ಸವ, ದಾರಿಹೋಕರ ಮೇಲೆ ಕೇಸರಿ ನೀರು ಎರಚುವ ಆಟ, ರಾಜ ರಾಣಿಯರಿಗೂ ಅದರಿಂದ ವಿನಾಯಿತಿ ಇಲ್ಲದಿರುವುದು. ಹಬ್ಬದಲ್ಲಿ ಎದ್ದು ಕಾಣುವುದನ್ನು ಗುರುತಿಸುವ ಕಣ್ಣು ಆ ಹಿನ್ನೀರಿನವರಿಗೆ ಇತ್ತು.

ಇನ್ನು ಕಾರ್ನಿವಲ್. ಹೊರಗಿನವರಿಗೆ ವೆನಿಸ್ ಎಂದರೆ ಇದೇ. ಹೆಸರು ದಾಖಲೆಯಲ್ಲಿ ಬರುವುದು 1094ರಲ್ಲಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗುವ ಹಿಂದಿನ ದಿನವನ್ನು ಸೆನೆಟ್ ಸಾರ್ವಜನಿಕ ಹಬ್ಬವೆಂದು ಸಾರಿದ್ದು 1296ರಲ್ಲಿ. ಹಳೆಯ ಕಾರ್ನಿವಲ್‌ನಲ್ಲಿ ಇಂದಿನ ನಾಜೂಕು ಇರಲಿಲ್ಲ. ಉಪವಾಸಕ್ಕೆ ಮುಂಚಿನ ಗುರುವಾರ ಸಾನ್ ಮಾರ್ಕೊ ಚೌಕದ ಪಕ್ಕದಲ್ಲಿ ಗೂಳಿಯ ತಲೆ ಕಡಿಯುತ್ತಿದ್ದರು. 1162ರಲ್ಲಿ ನೆರೆಯ ಅಕ್ವಿಲೇಯಾದ ಧರ್ಮಾಧ್ಯಕ್ಷನನ್ನು ಸೋಲಿಸಿ, ಅವನಿಂದ ಒಂದು ಗೂಳಿ, ಹನ್ನೆರಡು ಹಂದಿ ಕಪ್ಪವಾಗಿ ಪಡೆದ ನೆನಪಿಗೆ. ಸೋತವನನ್ನು ಪ್ರತಿ ವರ್ಷ ಹೊಸದಾಗಿ ಅವಮಾನಿಸುವ ಏರ್ಪಾಡು ಅದು.

ಮುಖವಾಡದ ಗುಟ್ಟನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 18ನೇ ಶತಮಾನದ ವೆನಿಸ್‌ನಲ್ಲಿ ಮುಖವಾಡ ಕಾರ್ನಿವಲ್‌ನ ನಾಲ್ಕು ದಿನಕ್ಕೆ ಸೀಮಿತವಾಗಿರಲಿಲ್ಲ. ಅಕ್ಟೋಬರಿನಿಂದ ಕ್ರಿಸ್‌ಮಸ್ ತನಕ, ಕ್ರಿಸ್‌ಮಸ್ ಮರುದಿನದಿಂದ ಉಪವಾಸದ ಹಿಂದಿನ ಮಂಗಳವಾರದ ತನಕ, ಮತ್ತೆ ಸೆನ್ಸಾ ಜಾತ್ರೆಯಲ್ಲಿ, ಹೀಗೆ ವರ್ಷದ ಅರ್ಧದಷ್ಟು ಕಾಲ ಅದಕ್ಕೆ ಅನುಮತಿಯಿತ್ತು. ಹೆಚ್ಚು ಬಳಕೆಯಲ್ಲಿದ್ದುದು ಬಾವುತಾ: ಬಿಳಿ ಮುಖವಾಡ, ಕಪ್ಪು ಮುಸುಕು, ನಿಲುವಂಗಿ, ಮೂರು ಮೂಲೆಯ ಟೋಪಿ. ಬಾಯಿಯ ಹತ್ತಿರ ಮುಖವಾಡ ಮುಂದಕ್ಕೆ ಚಾಚಿರುವುದರಿಂದ ತೆಗೆಯದೆಯೇ ಉಣ್ಣಬಹುದು, ಕುಡಿಯಬಹುದು, ದನಿಯೂ ಬದಲಾಗಿ ಕೇಳಿಸುತ್ತದೆ. ಗಂಡಸು ಹೆಂಗಸು, ಶ್ರೀಮಂತ ಬಡವ ಎಂಬುದಿಲ್ಲದೆ ಎಲ್ಲರಿಗೂ ಒಂದೇ ಕರೆ, "ಸಿಯೋರಾ ಮಾಸ್ಕೆರಾ", ಅಂದರೆ ಮುಖವಾಡದಮ್ಮ. ಸಣ್ಣ ದ್ವೀಪ, ಕಿರಿದಾದ ಓಣಿ, ಎಲ್ಲರಿಗೂ ಎಲ್ಲರ ಪರಿಚಯ. ಮೇಲಿಂದ ಗೂಢಚಾರರನ್ನು ಸಾಕಿಕೊಂಡ ಸರ್ಕಾರ. ಅಂಥ ಊರಿನಲ್ಲಿ ಯಾರೂ ಅಲ್ಲದವನಾಗಿ ಓಡಾಡುವ ಅವಕಾಶಕ್ಕೆ ಬೆಲೆಯಿತ್ತು. ಸರ್ಕಾರಕ್ಕೂ ಅದು ಲಾಭವೇ: 1638ರಲ್ಲಿ ತೆರೆದ ಸರ್ಕಾರಿ ಜೂಜುಕಟ್ಟೆಗೆ ಸಾಮಾನ್ಯ ಗಿರಾಕಿಗಳು ಮುಖವಾಡ ಹಾಕಿಕೊಂಡೇ ಬರಬೇಕಿತ್ತು.

ಈಗ ಅಂಗಡಿಗಳಲ್ಲಿ ನೇತಾಡುವ ಉದ್ದ ಕೊಕ್ಕಿನ ಮುಖವಾಡ ಮೋಜಿಗೆ ಹುಟ್ಟಿದ್ದಲ್ಲ. 17ನೇ ಶತಮಾನದಲ್ಲಿ ಪ್ಲೇಗಿನ ವೈದ್ಯರು ಕೊಕ್ಕಿನೊಳಗೆ ಸುವಾಸನೆಯ ಗಿಡಮೂಲಿಕೆ ತುಂಬಿಕೊಂಡು ರೋಗಿಗಳ ಬಳಿ ಹೋಗುತ್ತಿದ್ದ ವೇಷ ಅದು. ಒಂದೇ ರೋಗದಿಂದ ಊರಿಗೆ ಎರಡು ಬೃಹತ್ ಚರ್ಚುಗಳೂ ಬಂದವು, ಅತಿ ಹೆಚ್ಚು ಗಿರಾಕಿ ಎಳೆಯುವ ಆಟಿಕೆಯೂ ಬಂತು.

ಗಣರಾಜ್ಯ ಬಿದ್ದ ಮೇಲೆ ಕಾರ್ನಿವಲ್ ಸೊರಗುತ್ತ ಬಂದು ಕೊನೆಗೆ ಹೆಸರಿಗಷ್ಟೇ ಉಳಿಯಿತು. ಇಂದು ನಾವು ಕಾಣುವ ಕಾರ್ನಿವಲ್ 1979–80ರ ಸುಮಾರಿಗೆ ಎದ್ದದ್ದು. ಬಿಯನ್ನಾಲೆಯ ರಂಗಭೂಮಿ ವಿಭಾಗದ ಮುಖ್ಯಸ್ಥ ಮೌರಿತ್ಸಿಯೊ ಸ್ಕಪಾರ್ರೊ ಮುಂತಾದವರ ಉತ್ಸಾಹ, ಚಳಿಗಾಲದಲ್ಲಿ ಖಾಲಿ ಬೀಳುತ್ತಿದ್ದ ಹೋಟೆಲುಗಳ ಆಸೆ ಎರಡೂ ಸೇರಿದವು. ಹಳೆಯ ಆಟಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ತೆಗೆದರು. ಗಂಟೆಗೋಪುರದಿಂದ ಹಗ್ಗದ ಮೇಲೆ ಇಳಿಯುವ ಸಾಹಸವನ್ನು ಮೊದಲು ಮಾಡಿದವನು 16ನೇ ಶತಮಾನದ ಒಬ್ಬ ತುರ್ಕಿ ದೊಂಬ. 1759ರ ಅವಘಡದ ನಂತರ ಮನುಷ್ಯನ ಬದಲು ಮರದ ಪಾರಿವಾಳ ಇಳಿಸತೊಡಗಿದರು. 2001ರಿಂದ ಮತ್ತೆ ಮನುಷ್ಯರು, ಈ ಸಲ ಭದ್ರವಾದ ಪಟ್ಟಿ ಕಟ್ಟಿಕೊಂಡು. ಈ ಕಾರ್ನಿವಲ್ ಸುಳ್ಳೆಂದು ನಾನು ಹೇಳುವುದಿಲ್ಲ. ನಲವತ್ತು ವರ್ಷ ದಾಟಿದ ಹಬ್ಬಕ್ಕೂ ತನ್ನದೇ ಸತ್ಯ ಇರುತ್ತದೆ, ಹಬ್ಬದ ದಿನ ಬೇಕರಿಗಳಲ್ಲಿ ಸಿಗುವ, ಒಣದ್ರಾಕ್ಷಿ ಹಾಕಿ ಕರಿದ ಫ್ರಿತ್ತೊಲೆಯ ರುಚಿಗಂತೂ ಯಾವ ದಾಖಲೆಯೂ ಬೇಕಿಲ್ಲ. ಆದರೆ ಊರಿನ ಅತ್ಯಂತ ಪ್ರಸಿದ್ಧ ಹಬ್ಬವೇ ನಿರಂತರತೆಯಲ್ಲಿ ಅತ್ಯಂತ ಕಿರಿಯ ಹಬ್ಬಗಳ ಸಾಲಿನಲ್ಲಿದೆ ಎಂಬುದು ತಿಳಿದಿರಲಿ.

ಸೆಪ್ಟೆಂಬರಿನ ಮೊದಲ ಭಾನುವಾರದ ರೆಗಾತಾ ಸ್ತೋರಿಕಾದಲ್ಲಿ ಎರಡು ಭಾಗ. ಮೊದಲು ಮೆರವಣಿಗೆ, ಆಮೇಲೆ ಪಂದ್ಯ. ಮೆರವಣಿಗೆ 1489ರಲ್ಲಿ ಸೈಪ್ರಸ್‌ನ ರಾಣಿ ಕತೆರೀನಾ ಕೊರ್ನಾರೊ ವೆನಿಸ್‌ಗೆ ಮರಳಿದಾಗ ಕೊಟ್ಟ ಸ್ವಾಗತದ ಮರುಚಿತ್ರಣ. ಆಕೆ ವೆನಿಸ್‌ನ ಮನೆಮಗಳು. ಸ್ವಾಗತ ಯಾಕಷ್ಟು ಅದ್ದೂರಿಯಾಗಿತ್ತೆಂದರೆ, ಗಣರಾಜ್ಯ ಆಕೆಯಿಂದ ಆಗಷ್ಟೇ ರಾಜ್ಯವನ್ನು ಬಿಡಿಸಿಕೊಂಡಿತ್ತು. ಪಂದ್ಯ ಇದಕ್ಕಿಂತ ಹಳೆಯದು, ಮಧ್ಯಯುಗದಿಂದ ನಡೆದದ್ದು. "ಐತಿಹಾಸಿಕ" ಎಂಬ ವಿಶೇಷಣ ಅಂಟಿದ್ದು ಮಾತ್ರ 1899ರಲ್ಲಿ, ಬಿಯನ್ನಾಲೆಗೆ ಬರುವವರನ್ನು ಸೆಳೆಯಲು.

ನನಗೆ ಕುತೂಹಲ ಹುಟ್ಟಿಸುವುದು ಪಂದ್ಯದ ಹುಟ್ಟುಹಾಕುವ ರೀತಿ. ವೆನಿಸ್ಸಿಗರು ಕೂತು ಹಿಮ್ಮುಖವಾಗಿ ಹುಟ್ಟುಹಾಕುವುದಿಲ್ಲ. ನಿಂತು, ಮುಂದೆ ನೋಡುತ್ತ ಹಾಕುತ್ತಾರೆ. ಹಿನ್ನೀರು ಬಹುಪಾಲು ಕಡೆ ತೀರ ಆಳವಿಲ್ಲದ್ದು, ಕೆಸರು ದಿಬ್ಬ ಎಲ್ಲಿದೆ, ದೋಣಿ ಹೋಗುವಷ್ಟು ನೀರು ಎಲ್ಲಿದೆ ಎಂದು ಎತ್ತರದಿಂದ ನೋಡಿಕೊಂಡೇ ಸಾಗಬೇಕು. ಹುಟ್ಟನ್ನು ಊರುವ ಫೋರ್ಕೊಲಾ ಎಂಬ ಕೆತ್ತಿದ ಮರದ ತುಂಡು ಶಿಲ್ಪದಂತೆ ಬಳುಕಿರುತ್ತದೆ. ಅದರ ಒಂದೊಂದು ತಿರುವೂ ಒಂದೊಂದು ಚಲನೆಗೆ, ಮುಂದಕ್ಕೆ, ಹಿಂದಕ್ಕೆ, ತಿರುಗಲಿಕ್ಕೆ, ನಿಲ್ಲಲಿಕ್ಕೆ. ಗೆದ್ದವರಿಗೆ ಕೆಂಪು ಬಾವುಟ, ಎರಡನೆಯವರಿಗೆ ಬಿಳಿ, ಮೂರನೆಯವರಿಗೆ ಹಸಿರು, ನಾಲ್ಕನೆಯವರಿಗೆ ನೀಲಿ. ನಾಲ್ಕನೆಯ ಸ್ಥಾನಕ್ಕೆ ಹಿಂದೆ ಬಾವುಟದ ಜತೆ ಒಂದು ಹಂದಿಮರಿಯನ್ನೂ ಕೊಡುತ್ತಿದ್ದರು.

ಇದೇ ವಿದ್ಯೆ ಅಳಿಯುತ್ತಿದೆಯಲ್ಲ ಎಂಬ ಸಿಟ್ಟಿನಿಂದ ಹುಟ್ಟಿದ್ದು ವೋಗಾಲೋಂಗಾ. 1975ರ ಮೇ 8ರಂದು ಮೊದಲ ಬಾರಿ ನಡೆಯಿತು. ಮೋಟಾರು ದೋಣಿಗಳು ಎಬ್ಬಿಸುವ ಅಲೆ ದಿನವಿಡೀ ಮನೆಗಳ ಅಡಿಪಾಯಕ್ಕೆ ಬಡಿದು ಇಟ್ಟಿಗೆ, ಗಾರೆಯನ್ನು ಕಳಚುತ್ತದೆ. ಅದರ ವಿರುದ್ಧ ಹುಟ್ಟು ಹಿಡಿಯುವವರೆಲ್ಲ ಒಂದು ದಿನ ನೀರಿಗಿಳಿದರು. ಸುಮಾರು 30 ಕಿಲೋಮೀಟರ್ ದಾರಿ, ಗೆಲುವು ಸೋಲಿಲ್ಲ, ಇಂಜಿನ್ನಿಗೆ ಜಾಗವಿಲ್ಲ. ಇಂದು ದೇಶ ದೇಶಗಳಿಂದ ಸಾವಿರಕ್ಕೂ ಮೀರಿ ದೋಣಿಗಳು ಬರುತ್ತವೆ. ಅಷ್ಟು ಹೊತ್ತು ದೊಡ್ಡ ಕಾಲುವೆಯಲ್ಲಿ ಮೋಟಾರು ಸದ್ದು ಇರುವುದಿಲ್ಲ. ವಯಸ್ಸಿನಲ್ಲಿ ಇದು ಕಾರ್ನಿವಲ್‌ನ ಓರಗೆಯದೇ, ಆದರೆ ಊರಿನವರ ಅಗತ್ಯದಿಂದ ಬಂದದ್ದರಿಂದ ಅದರ ಬೇರು ಬೇರೆ ಥರ ಇಳಿದಿದೆ.

1895ರಲ್ಲಿ ಶುರುವಾದ ಬಿಯನ್ನಾಲೆ ಮತ್ತು 1932ರಲ್ಲಿ ಲೀದೊದಲ್ಲಿ ಶುರುವಾದ ಚಿತ್ರೋತ್ಸವದ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಸತ್ಯಜಿತ್ ರಾಯ್ 1957ರಲ್ಲಿ, ಮೀರಾ ನಾಯರ್ 2001ರಲ್ಲಿ ಆ ಚಿತ್ರೋತ್ಸವದ ಚಿನ್ನದ ಸಿಂಹ ತಂದಿದ್ದರಿಂದ ನಮ್ಮವರಿಗೆ ಅದು ಗೊತ್ತಿರುವ ಹೆಸರೇ. ಇವು ವೆನಿಸ್‌ನಲ್ಲಿ ನಡೆಯುವ ಲೋಕದ ಕಾರ್ಯಕ್ರಮಗಳು. ಊರಿನ ಪಾಡಿಗೆ ಊರು ಮಾಡಿಕೊಳ್ಳುವ ಚಿಕ್ಕ ದಿನಗಳು ಬೇರೆಯೇ ಇವೆ. ಜನವರಿ 6ರಂದು ಹಿರಿಯ ಅಂಬಿಗರು, ಮಕ್ಕಳ ಕಾಲುಚೀಲಕ್ಕೆ ಉಡುಗೊರೆ ತುಂಬಿ ಹೋಗುತ್ತಾಳೆಂದು ಕತೆಯಿರುವ ಬೆಫಾನಾ ಮುದುಕಿಯ ವೇಷ ಹಾಕಿ ರಿಯಾಲ್ತೊ ಸೇತುವೆಯತ್ತ ಪಂದ್ಯ ಹೂಡುತ್ತಾರೆ. ಸೇತುವೆಗೆ ಆಳೆತ್ತರ ಮೀರಿದ ಕಾಲುಚೀಲ ನೇತುಬಿಟ್ಟಿರುತ್ತಾರೆ. ನವೆಂಬರ್ 11ರಂದು ಮಕ್ಕಳು ಪಾತ್ರೆ ಬಡಿಯುತ್ತ ಅಂಗಡಿ ಅಂಗಡಿ ಸುತ್ತುತ್ತಾರೆ, ಕುದುರೆ ಏರಿದ ಸಂತ ಮಾರ್ಟಿನನ ಆಕಾರದ ಬಿಸ್ಕತ್ತು ತಿನ್ನುತ್ತಾರೆ. ಏಪ್ರಿಲ್ 25 ಊರಿನ ಕಾವಲು ಸಂತ ಮಾರ್ಕನ ದಿನ. ಗಂಡಸರು ಮೆಚ್ಚಿದ ಹೆಣ್ಣಿಗೆ ಬೋಕೊಲೊ, ಅಂದರೆ ಕೆಂಪು ಗುಲಾಬಿ ಮೊಗ್ಗು ಕೊಡುತ್ತಾರೆ.

ಹೋಗುವ ಆಸೆಯಿದ್ದವರು ತಾರೀಕಿನ ಲೆಕ್ಕ ತಿಳಿದಿರಬೇಕು. ಕಾರ್ನಿವಲ್, ಸೆನ್ಸಾ, ವೋಗಾಲೋಂಗಾ ಮೂರೂ ಈಸ್ಟರಿಗೆ ಕಟ್ಟುಬಿದ್ದವು. ಈಸ್ಟರ್ ನಿಂತಿರುವುದು ಚಂದ್ರನ ಮೇಲೆ, ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ. ಆದ್ದರಿಂದ ಕಾರ್ನಿವಲ್‌ನ ಕೊನೆಯ ಮಂಗಳವಾರ ಫೆಬ್ರವರಿ ಆರಂಭದಿಂದ ಮಾರ್ಚ್ ಆರಂಭದ ತನಕ ಎಲ್ಲಿ ಬೇಕಾದರೂ ಬೀಳಬಹುದು. ವೋಗಾಲೋಂಗಾ ಸಾಮಾನ್ಯವಾಗಿ ಈಸ್ಟರಿನ ಏಳು ವಾರದ ನಂತರ. ಉಳಿದ ದೊಡ್ಡ ಹಬ್ಬಗಳ ದಿನ ಗೊತ್ತುಮಾಡಿಕೊಳ್ಳಲು ಗೋಡೆಯ ಕ್ಯಾಲೆಂಡರ್ ಸಾಕು.

ಜನಸಂದಣಿಯ ಲೆಕ್ಕ ಇನ್ನೂ ಮುಖ್ಯ. 1951ರಲ್ಲಿ ಹಳೆಯ ವೆನಿಸ್‌ನಲ್ಲಿ ಸುಮಾರು 1,75,000 ಜನ ಇದ್ದರು, ಈಗ 50,000ಕ್ಕೂ ಕಡಿಮೆ. ಹಬ್ಬದ ಜನ ಊರಿನ ಜನರನ್ನು ಮೀರಿದರೆ ಏನಾಗುತ್ತದೆಂದು 1989ರ ಜುಲೈ 15ರಂದು, ರೆದೆಂತೋರೆಯ ರಾತ್ರಿಯೇ ಗೊತ್ತಾಯಿತು. ಸಾನ್ ಮಾರ್ಕೊ ಎದುರಿನ ನೀರಿನ ಮೇಲೆ ವೇದಿಕೆ ತೇಲಿಸಿ ಪಿಂಕ್ ಫ್ಲಾಯ್ಡ್ ತಂಡ ಹಾಡಿತು. ಕೇಳಲು ಬಂದವರು ಸುಮಾರು ಎರಡು ಲಕ್ಷ, ಅವರಿಗೆ ಬೇಕಾದಷ್ಟು ಶೌಚಾಲಯವನ್ನೂ ಯಾರೂ ಯೋಚಿಸಿರಲಿಲ್ಲ. ಕಸದ ರಾಶಿ ತೆಗೆಯಲು ಸೈನಿಕರು ಬರಬೇಕಾಯಿತು, ಗಲಾಟೆ ಬೆಳೆದು ನಗರಾಡಳಿತ ರಾಜೀನಾಮೆ ಕೊಟ್ಟಿತು. ಮೂವತ್ತೈದು ವರ್ಷದ ನಂತರ, 2024ರಲ್ಲಿ, ಒಂದು ದಿನಕ್ಕೆಂದು ಬಂದು ಹೋಗುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಬಂತು. ಜಾರಿಗೆ ಆರಿಸಿಕೊಂಡ ಮೊದಲ ದಿನ ಏಪ್ರಿಲ್ 25, ಸಂತ ಮಾರ್ಕನ ಹಬ್ಬ. ಅಂದು ಟಿಕೆಟ್ಟಿನ ವಿರುದ್ಧ ಬೀದಿಗಿಳಿದವರಲ್ಲಿ ಊರಿನ ನಿವಾಸಿಗಳೇ ಇದ್ದರು. ಅವರಿಗೆ ಶುಲ್ಕವಿರಲಿಲ್ಲ, ತಮ್ಮ ಊರಿಗೆ ಬಾಗಿಲು ಇಟ್ಟರಲ್ಲ ಎಂಬ ತಕರಾರಿತ್ತು.